ನೀರು ಕುಡಿಸಿದ ಕಾರು

ಕಾರು ಓಡುತ್ತಿದ್ದರೆ ಅದು ಮನೆಮಂದಿಗೆಲ್ಲ ಸೇರಿದ್ದು, ಸೋರತೊಡಗಿದರೆ ನನ್ನೊಬ್ಬನದು. ಇಪ್ಪತ್ತು ದಾಟಿದ ನಮ್ಮ ಕಾರಿನ ವಿಷಯದಲ್ಲಿ ಈ ಆಸ್ತಿ ಭಾಗ ಯಾವ ವಕೀಲರ ನೆರವೂ ಇಲ್ಲದೆ ಆಗಿಹೋಗಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಈ ವಯಸ್ಸಿನಲ್ಲಿ ಸೋರಿದರೆ ಹೆತ್ತವರನ್ನು ದೂರಬಾರದು.

ಸೋರಿಕೆ ಪತ್ತೆಗೆ ನನ್ನ ಉಪಕರಣ ಫ್ರಿಜ್ಜು ಬಂದ ರಟ್ಟಿನ ಡಬ್ಬ. ರಾತ್ರಿ ಅದನ್ನು ಬಿಡಿಸಿ ಎಂಜಿನ್ ಕೆಳಗೆ ಹಾಸುವುದು, ಬೆಳಿಗ್ಗೆ ಹಲ್ಲುಜ್ಜುತ್ತಲೇ ಕಲೆ ನೋಡಿ ಭವಿಷ್ಯ ಹೇಳುವುದು. ಬರೀ ನೀರಾದರೆ ಏಸಿಯದು, ಚಿಂತೆಯಿಲ್ಲ. ಕಪ್ಪಗಿದ್ದರೆ ಆಯಿಲ್. ಹಸಿರಾಗಿ ಅಂಟಂಟಾಗಿದ್ದರೆ ಕೂಲೆಂಟ್. ನಮ್ಮದು ಹಸಿರು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಂತೆ, ಬೀದಿನಾಯಿ ನೆಕ್ಕಿದರೆ ಪ್ರಾಣಕ್ಕೇ ಕುತ್ತಂತೆ. ಇದನ್ನು ಓದಿದಂದಿನಿಂದ ಗೇಟಿನ ಬಳಿ ನೆಲ ತೊಳೆಯುವ ಕೆಲಸವೂ ನನ್ನದೇ. "ಒಲೆ ಮೇಲೆ ಹಾಲು ಉಕ್ಕಿದಾಗ ಈ ಶ್ರದ್ಧೆ ಎಲ್ಲಿ ಹೋಗಿರುತ್ತೋ!" ಅಂದಳು ಹೆಂಡತಿ.

"ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕಿ ಸಾರ್, ಲಾರಿಯವರು ಮಾಡೋದೇ ಅದು" ಅಂದರು ಪಕ್ಕದ ಮನೆಯವರು. ಅತ್ತೆಗೆ ಈ ಚಿಕಿತ್ಸೆ ಬಹಳ ಹಿಡಿಸಿತು. ಹೇಗೂ ಅರಿಶಿನ ಹಾಕ್ತೀರಿ, ಒಂದು ಚಿಟಿಕೆ ಕುಂಕುಮವೂ ಇರಲಿ ಅಂದರು. ಅರಿಶಿನ ತೂತು ಮುಚ್ಚುವಷ್ಟೇ ನಿಷ್ಠೆಯಿಂದ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ ಎಂದು ವಿವರಿಸಿದೆ. ಅಷ್ಟರಲ್ಲಿ ಟೀವಿಯಲ್ಲಿ ಧಾರಾವಾಹಿ ಶುರುವಾಗಿತ್ತು.

ಧರ್ಮಸ್ಥಳದಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಏರಿತು. ಏಸಿ ಆರಿಸಿ ಹೀಟರ್ ಹಾಕಿದೆ. ಮೇ ತಿಂಗಳು. ಹೀಟರಿನಲ್ಲಿರುವುದೂ ಒಂದು ಪುಟ್ಟ ರೇಡಿಯೇಟರೇ, ಅದು ಬಿಸಿಯನ್ನು ನಮ್ಮ ಮೇಲೆ ಸುರಿದಷ್ಟೂ ಎಂಜಿನ್ನಿಗೆ ಆರಾಮ ಎಂಬ ನನ್ನ ಪಾಠ ಹಿಂದಿನ ಸೀಟಿನಲ್ಲಿ ಬೇಯುತ್ತಿದ್ದ ಅತ್ತೆಯ ತಲೆಗೆ ಹೋಗಲಿಲ್ಲ. ಕೊನೆಗೆ ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಈಗಲೇ ರೇಡಿಯೇಟರಿನ ಮುಚ್ಚಳ ಯಾಕೆ ತೆಗೆಯಬಾರದು ಎಂದು ಮಗ ಕೇಳಿದ. ಒತ್ತಡ ಹೆಚ್ಚಿದ್ದರೆ ಕುದಿಬಿಂದುವೂ ಏರುತ್ತದೆ, 100 ಡಿಗ್ರಿ ದಾಟಿದರೂ ಒಳಗಿನದು ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ್ದೇ ಉಕ್ಕಿ ಮುಖಕ್ಕೆ ಹಾರುತ್ತದೆ ಎಂದು ನಾನು ಉಪನ್ಯಾಸಕ್ಕಿಳಿದೆ. "ಕುಕ್ಕರ್ ಕಣೋ" ಎಂದು ಹೆಂಡತಿ ಮುಗಿಸಿದಳು. ಮಗನಿಗೆ ಅರ್ಥವಾಯಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ತಣ್ಣಗಾದ ರೇಡಿಯೇಟರಿನ ಬಾಯಿಗೆ ಕೈಪಂಪು ಹಚ್ಚಿ ಗಾಳಿ ಒತ್ತಿದ. ಟಾರ್ಚ್ ಹಿಡಿಯುವ ತಾಂತ್ರಿಕ ಹೊಣೆ ನನಗೆ ಸಿಕ್ಕಿತು. ಹೋಸ್ ಅಲ್ಲ, ಕ್ಲಿಪ್ ಅಲ್ಲ. ಆಯಿಲ್ ಮುಚ್ಚಳದಡಿ ಬೆಳ್ಳನೆಯ ಜಿಡ್ಡೂ ಇಲ್ಲ, ಸದ್ಯ ಹೆಡ್ ಗ್ಯಾಸ್ಕೆಟ್ ಬಚಾವ್. ಕೈಪಂಪಿನ ಮೀಟರಿನಲ್ಲಿ ಒತ್ತಡದ ಮುಳ್ಳು ಮಾತ್ರ ಮೆಲ್ಲಗೆ ಇಳಿಯುತ್ತಿತ್ತು. ಆಗ ಕಂಡಿತು: ವಾಟರ್ ಪಂಪಿನ ತಳದಲ್ಲೊಂದು ಸಣ್ಣ ತೂತು, ಅದರಂಚಿನಲ್ಲಿ ಹಸಿರು ಹನಿ ಉಬ್ಬಿ, ತೂಗಾಡಿ, ಟಪ್ಪೆಂದು ನನ್ನ ಚಪ್ಪಲಿಯ ಮೇಲೆ ಬಿತ್ತು.

"ಆ ತೂತಿಗೆ ಎಂಸೀಲ್ ಮೆತ್ತಿದರೆ?" ಎಂದೆ.

"ಸಾರ್, ಒಳಗಿನ ಸೀಲ್ ಹೋಗಿದೆ ಅಂತ ತಿಳಿಸೋಕೇ ಆ ತೂತು ಬಿಟ್ಟಿರೋದು. ದೂರು ಹೇಳೋರ ಬಾಯಿ ಮುಚ್ಚಿಸ್ತೀರಾ?"

ಹೊಸ ಪಂಪು ಕೂತಿತು. ಕೂಲೆಂಟೂ ಡಿಸ್ಟಿಲ್ಡ್ ವಾಟರೂ ಸಮಸಮ ಬಿತ್ತು. ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಒಂದು ಚುಕ್ಕೆಯೂ ಇಲ್ಲ! ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಹೆಂಡತಿ ಕಾಫಿ ಲೋಟ ಹಿಡಿದೇ ಬಗ್ಗಿ ನೋಡಿದಳು.

"ಸೋರೋದು ನಿಂತಿದೆಯೋ, ಸೋರೋಕೆ ಒಳಗೇನೂ ಉಳಿದಿಲ್ಲವೋ, ಬಾನೆಟ್ ತೆಗೆದು ನೋಡಿದ್ರೇನ್ರೀ?"