ಐಹೊಳೆಯ ಎಂಟುಕಾಲಿನ ಒಕ್ಕಲು: ಒಂದು ಸಂಶೋಧನೆ

ಮೇಗುಟಿ ಗುಡ್ಡದ 634ರ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳಿದ್ದಾನೆ, ತನಗೆ ಕಾಳಿದಾಸ ಭಾರವಿಯರ ಕೀರ್ತಿ ಉಂಟೆಂದೂ ಹೇಳಿಕೊಂಡಿದ್ದಾನೆ. ಟರಾಂಟುಲಾ ಎಂಬ ದೊಡ್ಡ ಜೇಡವನ್ನು ಸಾಕುವ ಬಗೆಗೆ ಮಾತ್ರ ಒಂದಕ್ಷರವಿಲ್ಲ. ಅಂಥ ಕವಿಯೇ ಸುಮ್ಮನಿದ್ದಾನೆಂದರೆ ವಿಷಯ ಆಗ ಎಲ್ಲರಿಗೂ ಗೊತ್ತಿತ್ತೆಂದೇ ಅರ್ಥ. ಮೊದಲ ಆಧಾರ ಸಿಕ್ಕಿತು.

ಎರಡನೆಯದು ಹೆಸರಿನ ಆಧಾರ. ಐಹೊಳೆಯಲ್ಲಿ ಗುಡಿಗೆ ಹೆಸರು ಬರುವುದು ದೇವರಿಂದಲ್ಲ, ಒಕ್ಕಲಿನಿಂದ. ಲಾಡಖಾನ ಇದ್ದುದಕ್ಕೆ ಲಾಡಖಾನ ಗುಡಿ. ಹುಚ್ಚಪ್ಪಯ್ಯ ಇದ್ದುದಕ್ಕೆ ಹುಚ್ಚಪ್ಪಯ್ಯನ ಮಠ. ದುರ್ಗದ ಗುಡಿ ದುರ್ಗೆಯದಲ್ಲ, ಕೋಟೆಯದು. ಟರಾಂಟುಲಾದ ಕಥೆಯೂ ಇದೇ. ಇಟಲಿಯ ತಾರಾಂತೊ ಊರಿನಲ್ಲಿ ಬೇರೊಂದು ಜಾತಿಯ ಜೇಡಕ್ಕಿದ್ದ ಹೆಸರಿನೊಳಗೆ ಈ ರೋಮಶ ದೇಹಿ ಬಂದು ಹೊಕ್ಕು ಕೂತಿತು. ಇದರ ಮೂಲ ಐಹೊಳೆಯೇ ಎಂಬುದು ಇಲ್ಲಿಗೆ ಸಿದ್ಧ.

ಇಳಕಲ್ಲಿನ ಹಿರಿಯ ನೇಕಾರರೊಬ್ಬರು ಪೂರ್ವಪಕ್ಷ ಎತ್ತಿದರು. ಜೇಡ ಎಂದರೆ ನೇಕಾರನೂ ಹೌದು, ಜೇಡರ ದಾಸಿಮಯ್ಯನೇ ಸಾಕ್ಷಿ. “ಇದು ಬಲಿ ನೇಯಂಗಿಲ್ಲ, ಏನಿಲ್ಲ. ಇದಕ್ಕ ಜ್ಯಾಡ ಅಂತ ಯಾಕ ಅನ್ನೂದ್ರೀ ಸರ?” ಮಾತು ಖರೆ. ಅದು ಬಿಲದ ಒಳಗೋಡೆಗೆ ನೂಲು ಹೊದಿಸಿ ಬಾಗಿಲಲ್ಲಿ ಹೊಂಚು ಹಾಕುತ್ತದೆ, ಅಷ್ಟೇ. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವವರ ಮುಂದೆ ಈ ಕಸುಬು ನಿಲ್ಲದು. ನಾನು ವಿಷಯ ಬದಲಿಸಿದೆ.

ಇನ್ನು ಆಯ್ಕೆ. ಮೊದಲ ಸಲದವರಿಗೆ ನೆಲದಲ್ಲಿರುವ ನಿಧಾನಿಯೇ ಸರಿ. ಚಿಲಿಯ ಗುಲಾಬಿ ಜೇಡ ಇದಕ್ಕೆ ಹೆಸರಾದದ್ದು. ಹೆಣ್ಣೇ ಉತ್ತಮ. ಗಂಡು ಪ್ರಾಯಕ್ಕೆ ಬಂದ ಮೇಲೆ ಬಹಳ ದಿನ ಬಾಳದು. ಹೆಣ್ಣು 20 ವರ್ಷವನ್ನೂ ಕಾಣುತ್ತದೆ. ಹಟ ಹಿಡಿದು ತರಿಸಿದ ಮಗ ಎಂಜಿನಿಯರಾಗಿ ಬೆಂಗಳೂರು ಸೇರಿದರೂ ಅದು ನಿಮ್ಮ ಮನೆಯಲ್ಲೇ. ವಾರಕ್ಕೊಂದೆರಡು ಮಿಡತೆ ಸಾಕು. ಅಂಗಾತ ಬಿದ್ದು ಕಾಲು ಮೇಲೆ ಮಾಡಿದರೆ ಹೆಣವೆಂದು ಎಸೆಯಬೇಡಿ, ಪೊರೆ ಕಳಚುತ್ತಿರುತ್ತದೆ. ಎತ್ತಿ ಮುದ್ದಿಸಲೂ ಬೇಡಿ. ಕೈಜಾರಿ ಬಿದ್ದರೆ ಅದರ ಹೊಟ್ಟೆ ಒಡೆಯುತ್ತದೆ. ಅಮೆರಿಕ ಖಂಡದ ಹಲವು ಜಾತಿಗಳು ಬೆದರಿದರೆ ಹೊಟ್ಟೆಯ ಕೂದಲು ತೂರಿ ನಿಮಗೆ ತುರಿಕೆ ಹತ್ತಿಸುತ್ತವೆ. ಹಾಗಾದರೆ ಸಾಕುವವನ ಕೆಲಸವೇನು? ನೋಡುತ್ತ ಕೂಡುವುದು. ಅದೂ ರಾತ್ರಿ, ಹಗಲಲ್ಲಿ ಅದು ಹೊರಗೆ ಬರುವುದೇ ಅಪರೂಪ.

ಸ್ವದೇಶಿ ಅಭಿಮಾನ ಇಲ್ಲಿ ಬೇಡ. ನಮ್ಮ ಪೊಯೆಸಿಲೊಥೀರಿಯಾ ಮರವಾಸಿ, ಮಿಂಚಿನ ಓಟದ್ದು. ಕಚ್ಚಿದರೆ ದಿನಗಟ್ಟಲೆ ಸ್ನಾಯುಸೆಳೆತ. ಬಳ್ಳಾರಿಯಾಚೆ ಗುತ್ತಿಯಲ್ಲಿ ಸಿಕ್ಕು 1899ರಲ್ಲಿ ಶಾಸ್ತ್ರೀಯ ಹೆಸರು ಪಡೆದ ಇದೇ ಕುಲದ ನೀಲಿ ಸುಂದರಿ ಈಗ ಅಳಿವಿನ ಅಂಚಿನಲ್ಲಿದೆ. 2019ರಲ್ಲಿ ಈ ಕುಲವೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿ ಸೇರಿತು. ಮೆಕ್ಸಿಕೊದ ಕೆಂಪು ಮಂಡಿಯದು ಮೊದಲೇ ಸೇರಿತ್ತು. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ಪ್ರಕಾರ ಇವನ್ನು ನೋಂದಣಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

ಇಷ್ಟಾಗಿಯೂ ತರುವುದೇ ಖರೆ ಎಂದರೆ, 20 ವರ್ಷದ ಒಕ್ಕಲು ಅದು. ಐಹೊಳೆಯ ರೂಢಿಯಂತೆ ನಿಮ್ಮ ಮನೆಗೆ ಯಾರ ಹೆಸರು ಬೀಳುತ್ತದೆಂದು ಮೊದಲು ಮನೆಯವರನ್ನು ಕೇಳಿ ನೋಡಿ.