ಘರ್ಷಣಮೀಮಾಂಸೆ ಅಥವಾ ಮಾಳಿಗೆ ಹಲಗೆ ಉಜ್ಜುವ ಯಂತ್ರದ ನಿರ್ಣಯ

ಯಾವ ಶಾಸ್ತ್ರವಾದರೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಕಾಲಿನ ಮೇಲೆ ನಿಲ್ಲಬೇಕೆಂದು ಪ್ರಾಚೀನರ ಮತ. ಪ್ರಕೃತ ಶಾಸ್ತ್ರದ ವಿಷಯ: ಕಾರವಾರ, ಅಂಕೋಲೆಗಳ ಹಳೇ ಮನೆಗಳ ಮಾಳಿಗೆಯ ಹಲಗೆ. ಅಧಿಕಾರಿ: ಆ ಮಾಳಿಗೆಯಲ್ಲಿ ಹಿಸ್ಸೆ ಉಳ್ಳವನು. ಸಂಬಂಧ: ದಾಯಾದಿಗಳದ್ದು, ಆದ್ದರಿಂದ ಕೆಟ್ಟಿದೆ. ಪ್ರಯೋಜನ: ಹೋಂಸ್ಟೇ.

ಮೊದಲು ಹಲಗೆಯ ವಂಶಾವಳಿ. ಘಟ್ಟದ ಕಾಡಿನ ಸಾಗವಾನಿ ದಿಮ್ಮಿಗಳು ಒಂದು ಕಾಲಕ್ಕೆ ಕಾಳಿ ನದಿಯಲ್ಲಿ ತೇಲಿಕೊಂಡು ಕಾರವಾರಕ್ಕೆ ಬರುತ್ತಿದ್ದವು. 1862ರಲ್ಲಿ ಉತ್ತರ ಕನ್ನಡವು ಮದ್ರಾಸನ್ನು ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರದಲ್ಲಿ ಕಚೇರಿಗಳು, ಬಂಗಲೆಗಳು ಎದ್ದವು. ಹೀಗಾಗಿ ಇಲ್ಲಿ ಪ್ರತಿ ಮನೆಯವರೂ ತಮ್ಮ ಮಾಳಿಗೆ ಸಾಗವಾನಿಯದೇ ಎಂದು ಆಣೆಯಿಟ್ಟು ಹೇಳುತ್ತಾರೆ. ಕೀಸಿ ನೋಡಿದರೆ ಹಲಸೋ ಮತ್ತಿಯೋ ಹೊರಬೀಳುವುದುಂಟು. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆಗಿದ್ದು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಇತಿಹಾಸ. ಅವರು ನಮ್ಮದೇ ಮಾಳಿಗೆಯ ಮೇಲೆ ಅಡ್ಡಾಡಿದ್ದರೆಂಬುದು ಹೋಂಸ್ಟೇ ಬೋರ್ಡು.

ಈಗ ಪೂರ್ವಪಕ್ಷಗಳು. ಮೊದಲನೆಯವರು ಡ್ರಮ್‌ವಾದಿಗಳು. ಉರುಳೆಗೆ ಉಪ್ಪುಕಾಗದ ಸುತ್ತಿದ ಇವರ ಯಂತ್ರ ಇಡೀ ಕೋಣೆಯನ್ನು ಹೊತ್ತು ಮುಳುಗುವುದರೊಳಗೆ ಬೋಳಿಸುತ್ತದೆ. ದೋಷ ಎರಡು: ಒಬ್ಬ ಆಳಿನಷ್ಟು ಭಾರವಿರುವ ಇದನ್ನು ಏಣಿಯಂಥ ಮೆಟ್ಟಿಲಲ್ಲಿ ಹತ್ತಿಸಬೇಕು, ಹತ್ತಿಸಿದ ಮೇಲೆ, ಓಡುವಾಗ ಒಂದು ಕ್ಷಣ ನಿಂತಲ್ಲೇ ನಿಲ್ಲಿಸಿದರೂ ಹಲಗೆಯಲ್ಲಿ ಹೊಂಡ.

ಎರಡನೆಯವರು ಗ್ರೈಂಡರ್‌ವಾದಿಗಳು. ವೆಲ್ಡಿಂಗ್ ಅಂಗಡಿಯವನು ಪುಕ್ಕಟೆ ಕೊಡುತ್ತಾನೆಂಬುದೇ ಇವರ ಏಕೈಕ ಪ್ರಮಾಣ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಆ ನಾಲ್ಕಿಂಚಿನ ತಟ್ಟೆ ನೆಲದ ತುಂಬ ಅರ್ಧಚಂದ್ರಗಳನ್ನು ಕೆತ್ತುತ್ತದೆ. ಮೂರನೆಯವರು ಆರ್ಬಿಟಲ್‌ವಾದಿಗಳು. ಇವರ ಐದಿಂಚಿನ ತಟ್ಟೆ ತಿರುಗುತ್ತಲೇ ಅತ್ತಿತ್ತ ಓಲಾಡುವುದರಿಂದ ಗೀರು ಎದ್ದು ಕಾಣುವುದಿಲ್ಲ. ಕೆಲಸ ಮುಗಿಯುವುದೂ ಇಲ್ಲ. ನಾಲ್ಕನೆಯವರು ಪರ್ಣವಾದಿಗಳು. ಗರಗತ್ತಿಯ ಒರಟು ಎಲೆಯಿಂದಲೇ ಹಿಂದಿನವರು ಮರ ನುಣುಪು ಮಾಡುತ್ತಿದ್ದರೆಂದು ವಾದಿಸುವ ಇವರು, ಎಲೆ ಕೊಯ್ಯಲು ಮಾತ್ರ ಬೇರೆಯವರನ್ನು ಕಳಿಸುತ್ತಾರೆ. ಕೊನೆಯವನು ಚಾರ್ವಾಕ, ಬೆಂಗಳೂರಿನಲ್ಲಿರುವ ಅಣ್ಣನ ಮಗ: “ವಿನೈಲ್ ಮ್ಯಾಟ್ ಹಾಸಿಬಿಡಿ ಚಿಕ್ಕಪ್ಪ, ಯಾರಿಗೆ ಗೊತ್ತಾಗ್ತದೆ?”

ಸಂಖ್ಯಾಪ್ರಕರಣ. ಉಪ್ಪುಕಾಗದದ ನಂಬರು ಏರಿದಷ್ಟೂ ಒರಟುತನ ಇಳಿಯುತ್ತದೆ. 40ರಲ್ಲಿ ಶುರುಮಾಡಿ, 60, 80 ದಾಟಿ 120ಕ್ಕೆ ಮುಟ್ಟಬೇಕು, ಅದೂ ಮರದ ಎಳೆಯ ಗುಂಟ. 40ರಿಂದ ಸೀದಾ 120ಕ್ಕೆ ಹಾರಿದವನ ಗೀರುಗಳು ಪಾಲಿಶ್ ಹಚ್ಚಿದ ಮೇಲೆಯೇ ಪ್ರಕಟವಾಗುತ್ತವೆ, ಅಂದರೆ ಮಜೂರಿ ಚುಕ್ತಾ ಆದ ಮೇಲೆ.

ಈ ಐದೂ ಪಕ್ಷಗಳು ಜಗುಲಿಯಲ್ಲಿ ಕೂತು ಚಾ ಕುಡಿಯುತ್ತಿರುವಾಗ ಆಚಾರಿ ಒಬ್ಬನೇ ಮೇಲೆ ಹತ್ತುತ್ತಾನೆ. ಕುಕ್ಕರಗಾಲಲ್ಲಿ ಕೂತು ಹಲಗೆಯ ಮೇಲೆ ಅಂಗೈ ಆಡಿಸುತ್ತಾನೆ. ತಲೆಯೆತ್ತಿದ ಮೊಳೆಗಳನ್ನು ಒಂದೊಂದಾಗಿ ಮರದೊಳಕ್ಕೆ ಇಳಿಸುತ್ತಾನೆ. ಇಲ್ಲದಿದ್ದರೆ ಉಪ್ಪುಕಾಗದ ಮೊದಲ ಸುತ್ತಿಗೇ ಚಿಂದಿ. ಆಮೇಲೆ ಸಂದಿಯಲ್ಲಿ ತೆಳ್ಳಗಿನ ಪಟ್ಟಿ ಇಳಿಬಿಟ್ಟು ದಪ್ಪ ಅಳೆಯುತ್ತಾನೆ. “ನಾಯಕರೇ, ಇದನ್ನ ಮೊದಲೇ ಯಾರೋ ಕೀಸಿದಾರೆ. ಇನ್ನೂ ಕೀಸಿದ್ರೆ ಕೆಳಗೆ ಉಣ್ಣೋರು ಕಾಣ್ತಾರೆ.”

ಸಿದ್ಧಾಂತ ಇಷ್ಟು: ಯಂತ್ರದ ಗಾತ್ರವು ಯಜಮಾನನ ಆತುರಕ್ಕೆ ಅನುಲೋಮ, ಹಲಗೆಯ ಆಯುಷ್ಯಕ್ಕೆ ವಿಲೋಮ. ಹಲಗೆ ದಪ್ಪವಿದ್ದು ಉಬ್ಬುತಗ್ಗು ವಿಪರೀತವಿದ್ದರೆ ಡ್ರಮ್, ತೆಳುವಾಗಿದ್ದರೆ ಆರ್ಬಿಟಲ್, ಮೂಲೆಗೆ ಕೈಯೇ ಗತಿ. ಮಳೆಗಾಲದಲ್ಲಿ ಹಲಗೆ ನೀರುಂಡು ಉಬ್ಬಿರುತ್ತದಾದ್ದರಿಂದ ದೀಪಾವಳಿ ಕಳೆಯುವವರೆಗೆ ಯಾವ ಯಂತ್ರವೂ ಸಲ್ಲದು. ಮೂಗಿಗೆ ಬಟ್ಟೆ ಎಲ್ಲ ಮತದವರಿಗೂ ಕಡ್ಡಾಯ.

ಫಲಶ್ರುತಿ: ಯಂತ್ರ ಬಾಡಿಗೆಗೆ ತರುವ ಮುನ್ನ ಇದನ್ನು ಓದಿದವನಿಗೆ ದುಡ್ಡು ಉಳಿಯುತ್ತದೆ. ತಂದ ಮೇಲೆ ಓದಿದವನಿಗೆ ಹಲಗೆಯಾದರೂ ಉಳಿಯುತ್ತದೆ. ಉಜ್ಜಿ ಮುಗಿಸಿ ಓದಿದವನಿಗೆ ವಿನೈಲ್ ಮ್ಯಾಟ್ ಪ್ರಾಪ್ತಿರಸ್ತು.