ಬಾಗಿಲು ಹಾಕ್ರಿ, ಎಸಿ ಹೋಗ್ತದ!

ನಮ್ಮ ಮನೆಯ ಹಳೆಯ ವ್ಯಾನಿನಲ್ಲಿ ಎಸಿ ಇದೆ. ಒಂದಲ್ಲ, ಎರಡು. ಮುಂದೆ ಕೂತವರಿಗೊಂದು, ಹಿಂದಿನವರ ನೆತ್ತಿಯ ಮೇಲೆ ಇನ್ನೊಂದು. ಬಟನ್ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಗಾಳಿಯೂ ಬರುತ್ತದೆ. ಆ ಗಾಳಿ ತಣ್ಣಗಿರುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.

ನಾವಿರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ ಎಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಸಾಲದ್ದಕ್ಕೆ ನಮ್ಮ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ‘ಕೆಳಗ ಒಲಿ, ಮ್ಯಾಲ ಬಿಸಲು. ನಾ ಏನ್ ರೊಟ್ಟಿ ಏನೋ?’ ಎಂದು ಕೇಳಿದ ಅವ್ವ ಆ ಸೀಟನ್ನು ಶಾಶ್ವತವಾಗಿ ನನ್ನ ಹೆಂಡತಿಗೆ ಬಿಟ್ಟುಕೊಟ್ಟಳು. ಅತ್ತೆ ಸೊಸೆಗೆ ಖುಷಿಯಿಂದ ಬಿಟ್ಟುಕೊಟ್ಟದ್ದು ಅದೊಂದೇ.

ನಮ್ಮ ಎಸಿ ಮೆಕ್ಯಾನಿಕ್‌ಗೆ ಗೊತ್ತಿರುವ ರೋಗವೂ ಒಂದೇ. ‘ಗ್ಯಾಸ್ ಹೋಗ್ಯಾದ್ರಿ ಸರ.’ ಯುಗಾದಿಗೆ ಬೇವು-ಬೆಲ್ಲ ತಿಂದು ಗ್ಯಾಸ್ ಹಾಕಿಸಿಕೊಂಡು ಬರುವುದು ನಮ್ಮ ಮನೆತನದ ಪದ್ಧತಿ. ಬಸವ ಜಯಂತಿಯವರೆಗೆ ತಂಪು, ಆಮೇಲೆ ಅವರವರ ಟವೆಲು ಅವರವರಿಗೆ. ಈ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ ಎನ್ನುವುದು ನನಗೆ ಗೊತ್ತಿಲ್ಲದೆ ಏನಿಲ್ಲ. ಆರ್-134ಎ ಎಂಬ ಆ ಅನಿಲ ಕಂಪ್ರೆಸರ್‌ನಿಂದ ಹೊರಟು ಕಂಡೆನ್ಸರ್, ಕೂಲಿಂಗ್ ಕಾಯಿಲ್ ಎಲ್ಲ ಸುತ್ತಿ ಮರಳಿ ಕಂಪ್ರೆಸರ್‌ಗೇ ಬರಬೇಕು. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ. ಹಿಂದಿನ ಎಸಿಗಾಗಿ ಗಾಡಿಯ ಉದ್ದಕ್ಕೂ ಪೈಪು ಎಳೆದಿರುವುದರಿಂದ ಜಾಯಿಂಟುಗಳು ಜಾಸ್ತಿ. ಅವುಗಳ ರಬ್ಬರ್ ರಿಂಗುಗಳಿಗೂ ವಯಸ್ಸಾಗಿದೆ. ಗ್ಯಾಸ್ ತೀರಾ ಇಳಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ಏಳಗೊಡುವುದಿಲ್ಲ. ಹೀಗಾಗಿ ನಾನು ಬಟನ್ ಒತ್ತಿದ ಕೂಡಲೇ ಮಕ್ಕಳು ಮರಿ ಎಲ್ಲ ಉಸಿರು ಬಿಗಿಹಿಡಿದು, ಕ್ಲಚ್ ‘ಟಕ್’ ಎನ್ನುತ್ತದೋ ಎಂದು ಕಿವಿಗೊಡುತ್ತಾರೆ. ಹಸಿರು ದೀಪ ಮಾತ್ರ ನಾಚಿಕೆಯಿಲ್ಲದೆ ಉರಿಯುತ್ತಿರುತ್ತದೆ.

ಈ ಸಲ ಹೆಂಡತಿ ಪಟ್ಟು ಹಿಡಿದು ಸೋರಿಕೆ ಹುಡುಕಿಸಿದಳು. ಗ್ಯಾರೇಜಿನ ಹುಡುಗ ಪೈಪಿಗೆ ನೈಟ್ರೋಜನ್ ತುಂಬಿ, ಮಗ್ಗಿನಲ್ಲಿ ಸೋಪಿನ ನೊರೆ ಎಬ್ಬಿಸಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಬಳಿಯುತ್ತ ಬಂದ. ಡ್ಯಾಶ್‌ಬೋರ್ಡಿನ ಹಿಂದೆ, ಕೂಲಿಂಗ್ ಕಾಯಿಲ್ ಮೂಲೆಯಲ್ಲಿ ಒಂದು ಗುಳ್ಳೆ ಎದ್ದಿತು. ಅವಸರವಿಲ್ಲದೆ ಲಿಂಬೆಕಾಯಿ ಗಾತ್ರಕ್ಕೆ ಉಬ್ಬಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ನನ್ನ ಇಷ್ಟು ವರ್ಷಗಳ ಯುಗಾದಿ ಅಲ್ಲಿಂದ ಹೊರಗೆ ಹೋಗುತ್ತಿತ್ತು.

‘ಕಾಯಿಲ್ ಹೊಸಾದ್ ಹಾಕಬೇಕ್ರಿ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗ್ತದ’ ಎಂದ ಮೆಕ್ಯಾನಿಕ್. ಹೇಳಿದ ಮೊತ್ತ, ವ್ಯಾನ್ ಮಾರಿದರೆ ಬರಬಹುದಾದ ದುಡ್ಡಿನ ಅರ್ಧ. ‘ಸದ್ಯಕ್ಕ ಗ್ಯಾಸ್ ಹಾಕಿಬಿಡಪಾ’ ಎಂದೆ. ‘ಇಷ್ಟ್ ವರ್ಷ ಗ್ಯಾಸಿಗೆ ಹಾಕಿದ ರೊಕ್ಕದಾಗ ಎರಡು ಕಾಯಿಲ್ ಬರ್ತಿದ್ವು’ ಎಂದಳು ಹೆಂಡತಿ. ಲೆಕ್ಕ ಸರಿಯಿತ್ತು. ಸರಿಯಾದ ಲೆಕ್ಕಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಕಾರಿಗೆ ಕಾರ್ಖಾನೆಯಲ್ಲೇ ಎಸಿ ಕೂರಿಸಿ ಮೊದಲು ಮಾರಿದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾದರಿಯಲ್ಲಿ. ಅದರ ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ತಂಪು ಸಾಕೆನಿಸಿದರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ತಂಪು ಜಾಸ್ತಿಯಾಗಿ ಕಷ್ಟಪಟ್ಟವರೂ ಇದ್ದರಲ್ಲ ಎಂದು ನನಗೆ ಆಗಾಗ ಹೊಟ್ಟೆ ಉರಿಯುತ್ತದೆ.

ಬಸವ ಜಯಂತಿ ಕಳೆದ ವಾರವೇ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಯಾದಗಿರಿಗೆ ಹೊರಟೆವು. ಕಿಟಕಿ ತೆರೆದರೆ ಶಹಾಬಾದ್ ಕಲ್ಲಿನ ಪುಡಿ ವರನ ಇಸ್ತ್ರಿ ಅಂಗಿಯ ಮೇಲೆ, ಮುಚ್ಚಿದರೆ ಅವ್ವನ ಪ್ರಾಣ ಬಾಯಿಗೆ. ವಾಡಿ ದಾಟುವಷ್ಟರಲ್ಲಿ ಎಂಜಿನ್ನಿನ ಶಾಖದ ಮುಳ್ಳು ಕೆಂಪು ಗೆರೆಯ ಕಡೆ ಏರತೊಡಗಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ಹೀಟರ್ ಫುಲ್ ಇಡ್ರಿ ಸರ. ಎಂಜಿನ್ ಬಿಸಿ ಒಳಗ ಬರ್ತದ, ಎಂಜಿನ್ ಉಳೀತದ’ ಎಂದ. ಶಾಸ್ತ್ರಬದ್ಧವಾದ ಉಪಾಯವೇ, ಮುಳ್ಳು ಇಳಿಯಿತು. ಎಂಜಿನ್ ಉಳಿಯಿತು; ಒಳಗಿದ್ದವರ ಬಗ್ಗೆ ಅವನು ಏನೂ ಹೇಳಿರಲಿಲ್ಲ. ನಮ್ಮ ವ್ಯಾನಿನಲ್ಲಿ ಹೀಟರ್ ಎಷ್ಟು ಚೆನ್ನಾಗಿದೆ ಎಂದು ತಿಳಿದದ್ದು ಅವತ್ತೇ.

ಯಾದಗಿರಿ ಸಮೀಪಿಸುತ್ತಿದ್ದಂತೆ ಹೆಂಡತಿಯ ಅಪ್ಪಣೆಯಾಯಿತು: ‘ಗ್ಲಾಸ್ ಏರಸ್ರಿ. ಎಸಿ ಇಲ್ಲದ ಗಾಡ್ಯಾಗ ಬಂದಾರ ಅನ್ಬಾರ್ದು.’ ಹಾಗೆ ಎಲ್ಲ ಕಿಟಕಿ ಮುಚ್ಚಿಕೊಂಡು, ಹೀಟರ್ ಹಾಕಿಕೊಂಡು, ನಗುಮುಖದಿಂದ ಹೆಣ್ಣಿನ ಮನೆಯ ಮುಂದೆ ಇಳಿದೆವು. ಹುಡುಗಿಯ ತಂದೆ ಅವ್ವನ ಕೈ ಹಿಡಿಯಲು ಬಾಗಿಲ ಬಳಿ ನಿಂತಾಗ ನಮ್ಮ ವರ ಮಹಾಶಯ, ‘ಮಾಮಾ, ಲಗೂ ಬಾಗಿಲು ಹಾಕ್ರಿ, ಎಸಿ ಹೋಗ್ತದ’ ಎಂದ. ಹಿರಿಯರು ಬೆನ್ನಿಗಂಟಿದ ನಮ್ಮ ಅಂಗಿಗಳನ್ನು ನೋಡಿದರು, ಸುಡುವ ಆಕಾಶವನ್ನು ನೋಡಿದರು.

‘ದಾರ್ಯಾಗ ಮಳಿ ಬಂತೇನ್ರಿ?’

‘ಹೌದ್ರಿ, ಶಹಾಬಾದ್‌ದಾಗ ಸ್ವಲ್ಪ ಹನಿತು’ ಎಂದಳು ನನ್ನ ಹೆಂಡತಿ.

ಸಂಬಂಧ ಕುದುರಿದೆ. ಮದುವೆ ಬರುವ ಬೇಸಿಗೆಗೆ. ಮದುಮಕ್ಕಳನ್ನು ಕರೆತರಲು ಬೀಗರಿಗೆ ನಮ್ಮ ಗಾಡಿಯೇ ಬೇಕಂತೆ. ಅಷ್ಟರೊಳಗೆ ಇದನ್ನು ಮಾರಬೇಕು. ಕೊಳ್ಳುವವರು ಯಾರಾದರೂ ಇದ್ದರೆ ತಿಳಿಸಿ. ಹೀಟರ್‌ಗೆ ನಾನೇ ಗ್ಯಾರಂಟಿ. ಗಾಡಿ ನೋಡಲು ಮಾತ್ರ ದಯವಿಟ್ಟು ಡಿಸೆಂಬರಿನಲ್ಲಿ, ಬೆಳಗಿನ ಜಾವ ಬನ್ನಿ.